83 ಪಟ್ಟು ಜೂಮ್ ಇದ್ದರೆ ಫೋಟೋ ಎಷ್ಟು ಚೆನ್ನಾಗಿ ಬರಬೇಕು?

ಸೂಪರ್‌ಜೂಮ್ ಕ್ಯಾಮೆರಾ (ಬಹಳ ದೂರದ್ದನ್ನೂ ಹತ್ತಿರ ಎಳೆಯುವ, ಲೆನ್ಸ್ ಬದಲಿಸಲಾಗದ ಕ್ಯಾಮೆರಾ) ಕೊಂಡ ಹೊಸದರಲ್ಲಿ ಬಹಳ ಜನಕ್ಕೆ ಬರುವ ಅನುಮಾನ ಒಂದಿದೆ. ಕ್ಯಾಮೆರಾದ ಹಿಂದಿನ ಸ್ಕ್ರೀನಿನಲ್ಲಿ ಹಕ್ಕಿ ಸೊಗಸಾಗಿ ಕಾಣುತ್ತದೆ. ಮನೆಗೆ ಬಂದು ಕಂಪ್ಯೂಟರಿಗೆ ಹಾಕಿ ದೊಡ್ಡದು ಮಾಡಿದರೆ ಗರಿಗಳೆಲ್ಲ ಕಲಸಿಕೊಂಡಿರುತ್ತವೆ. ಕಣ್ಣಿನ ಸುತ್ತ ಮಬ್ಬು, ಹಿನ್ನೆಲೆಯಲ್ಲಿ ಕಾಳು ಕಾಳು. ನನ್ನ ಲೆನ್ಸೇ ಸರಿ ಇಲ್ವಾ, ಅಥವಾ ಎಲ್ಲರಿಗೂ ಹೀಗೇ ಬರುತ್ತಾ ಅನ್ನೋದು ಪ್ರಶ್ನೆ.

ಹೆಚ್ಚಿನ ಸಲ ಲೆನ್ಸ್ ಸರಿಯಾಗಿಯೇ ಇರುತ್ತದೆ. ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುವ ಜೂಮ್ ಸಂಖ್ಯೆ ಹಕ್ಕಿ ಫ್ರೇಮಿನಲ್ಲಿ ಎಷ್ಟು ದೊಡ್ಡದಾಗಿ ಬರುತ್ತದೆ ಅನ್ನುವುದನ್ನು ಮಾತ್ರ ಹೇಳುತ್ತದೆ. ಅದರ ಗರಿ ಎಷ್ಟು ಬಿಡಿಬಿಡಿಯಾಗಿ ಕಾಣುತ್ತದೆ ಅನ್ನುವುದನ್ನು ಬೇರೆ ಮೂರು ಸಂಗತಿಗಳು ತೀರ್ಮಾನಿಸುತ್ತವೆ. ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ ಎಷ್ಟು ಅಗಲ ಇದೆ, ಆ ಹೊತ್ತಿಗೆ ಬೆಳಕು ಎಷ್ಟಿದೆ, ನಿಮಗೂ ಹಕ್ಕಿಗೂ ನಡುವೆ ಎಂಥ ಗಾಳಿ ಇದೆ. ಈ ಮೂರನ್ನು ಅರ್ಥ ಮಾಡಿಕೊಂಡರೆ ಯಾವ ಫೋಟೋ ಬರುತ್ತದೆ, ಯಾವುದು ಬರುವುದಿಲ್ಲ ಅಂತ ಶಟರ್ ಒತ್ತುವ ಮೊದಲೇ ಹೇಳಬಹುದು.

ಉದಾಹರಣೆಗೆ ನಿಕಾನ್ ಕೂಲ್‌ಪಿಕ್ಸ್ ಪಿ900 ತಗೊಳ್ಳೋಣ. 2015ರಲ್ಲಿ ಬಂದ ಈ ಕ್ಯಾಮೆರಾ ಹಕ್ಕಿ ನೋಡುವ ಹವ್ಯಾಸಿಗಳ ಕೈಯಲ್ಲಿ ಈಗಲೂ ಕಾಣುತ್ತದೆ. ಇದರ ಜೂಮ್ 24ರಿಂದ 2000 ಮಿ.ಮೀ. (ಈ ಸಂಖ್ಯೆ ಹೆಚ್ಚಾದಷ್ಟೂ ನೋಟ ಕಿರಿದಾಗಿ ವಸ್ತು ದೊಡ್ಡದಾಗಿ ಕಾಣುತ್ತದೆ). ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ 83. 83ಎಕ್ಸ್ ಅಂದರೆ ಇಷ್ಟೇ. ಬರಿಗಣ್ಣಿಗೆ ಕಾಣುವುದಕ್ಕಿಂತ 83 ಪಟ್ಟು ಹತ್ತಿರ ಅಂತ ಅರ್ಥವಲ್ಲ. ನಮ್ಮ ಕಣ್ಣಿನ ನೋಟಕ್ಕೆ ಹತ್ತಿರದ್ದು 50 ಮಿ.ಮೀ. ಲೆನ್ಸ್ ಅಂತ ಲೆಕ್ಕ ಹಿಡಿದರೆ 2000 ಮಿ.ಮೀ. ಅನ್ನುವುದು 40 ಪಟ್ಟು. ಅದೇನೂ ಕಡಿಮೆಯಲ್ಲ ಬಿಡಿ.

ಈ 2000 ಮಿ.ಮೀ. ಕೂಡ ಲೆನ್ಸಿನ ನಿಜವಾದ ಅಳತೆಯಲ್ಲ. ಪಿ900 ಲೆನ್ಸಿನ ನಿಜವಾದ ಫೋಕಲ್ ಲೆಂಗ್ತ್ (ದೂರದಿಂದ ಬಂದ ಬೆಳಕನ್ನು ಲೆನ್ಸ್ ಒಂದು ಕಡೆ ಕೂಡಿಸುವ ದೂರ) 4.3ರಿಂದ 357 ಮಿ.ಮೀ. ಮಾತ್ರ. ಒಳಗಿನ ಸೆನ್ಸರ್ (ಬೆಳಕನ್ನು ಚಿತ್ರವಾಗಿಸುವ ಚಿಪ್) ತುಂಬಾ ಚಿಕ್ಕದಾಗಿರುವುದರಿಂದ, ದೊಡ್ಡ ಸೆನ್ಸರಿನ ಫುಲ್‌ಫ್ರೇಮ್ ಕ್ಯಾಮೆರಾಗೆ 2000 ಮಿ.ಮೀ. ಲೆನ್ಸ್ ಹಾಕಿದರೆ ಎಷ್ಟು ಕಿರಿದಾದ ನೋಟ ಸಿಗುತ್ತದೋ ಅಷ್ಟೇ ಕಿರಿದಾದ ನೋಟ ಇದರಲ್ಲೂ ಸಿಗುತ್ತದೆ. ಆ ಸೆನ್ಸರ್ ಸುಮಾರು 6.2 ಮಿ.ಮೀ. ಅಗಲ, 4.6 ಮಿ.ಮೀ. ಎತ್ತರ. ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಫುಲ್‌ಫ್ರೇಮ್ ಸೆನ್ಸರ್ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ. ವಿಸ್ತೀರ್ಣದಲ್ಲಿ ನೋಡಿದರೆ 30 ಪಟ್ಟು ದೊಡ್ಡದು.

ಸೆನ್ಸರ್ ಚಿಕ್ಕದಾಗಿರುವುದು ಕಂಪನಿಯ ಜಿಪುಣತನ ಅಂತ ಕೆಲವರು ಬೈಯುತ್ತಾರೆ. ಅದು ಸರಿಯಲ್ಲ. ಫುಲ್‌ಫ್ರೇಮ್‌ನಲ್ಲಿ ನಿಜವಾದ 2000 ಮಿ.ಮೀ. ಲೆನ್ಸನ್ನು ಪಿ900ನ ಫುಲ್ ಜೂಮ್‌ನ ಎಫ್ 6.5 ಅಪರ್ಚರಿಗೆ (ಅಪರ್ಚರ್ ಅಂದರೆ ಬೆಳಕು ಬರುವ ಕಿಂಡಿ) ಮಾಡಬೇಕು ಅಂದರೆ ಮುಂದಿನ ಗಾಜು ಒಂದು ಅಡಿ ಅಗಲ ಇರಬೇಕಾಗುತ್ತದೆ. ಅದನ್ನು ಕುತ್ತಿಗೆಗೆ ನೇತುಹಾಕಿಕೊಂಡು ಗದ್ದೆ ಬದುವಿನ ಮೇಲೆ ನಡೆಯಲು ಆಗುತ್ತದೆಯೇ? ಪಿ900 ತೂಕ 900 ಗ್ರಾಂ ಆಸುಪಾಸು. ಚಿಕ್ಕ ಸೆನ್ಸರ್ ಇರುವುದರಿಂದಲೇ ಇಂಥ ಕ್ಯಾಮೆರಾ ಮಾಡಲು ಸಾಧ್ಯವಾಗಿದೆ. ಅದಕ್ಕೆ ನಾವು ಕೊಡುವ ಬೆಲೆ ಏನು ಅನ್ನುವುದೇ ಮುಂದಿನ ವಿಷಯ.

ಕಿಂಡಿಯ ಲೆಕ್ಕ

ಫೋಕಲ್ ಲೆಂಗ್ತನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಕಿಂಡಿಯ ಅಗಲ ಸಿಗುತ್ತದೆ. ಪಿ900 ಫುಲ್ ಜೂಮ್‌ನಲ್ಲಿ 357 ಭಾಗಿಸು 6.5, ಅಂದರೆ 55 ಮಿ.ಮೀ. ಈ ಒಂದು ಅಂಕಿ ನನ್ನ ಪ್ರಕಾರ ಡಬ್ಬಿಯ ಮೇಲೆ ಬರೆದಿರುವ ಎಲ್ಲಾ ಅಂಕಿಗಳಿಗಿಂತ ಮುಖ್ಯ. ಆದರೆ ಯಾವ ಡಬ್ಬಿಯ ಮೇಲೂ ಇದನ್ನು ಬರೆಯುವುದಿಲ್ಲ.

ಇದೇಕೆ ಮುಖ್ಯ? ಬೆಳಕು ಅಲೆಯಾಗಿ ಸಾಗುತ್ತದೆ. ಕಿಂಡಿಯೊಳಗೆ ನುಗ್ಗಿದ ಅಲೆ ಸ್ವಲ್ಪ ಹರಡುತ್ತದೆ. ಕಿಂಡಿ ಕಿರಿದಾದಷ್ಟೂ ಹರಡುವುದು ಜಾಸ್ತಿ. ಹಾಗಾಗಿ ಒಂದು ಚುಕ್ಕೆಯಂಥ ಬೆಳಕು ಸೆನ್ಸರ್ ಮೇಲೆ ಚುಕ್ಕೆಯಾಗಿ ಬೀಳದೆ ಒಂದು ಪುಟ್ಟ ಬಿಲ್ಲೆಯಾಗಿ ಬೀಳುತ್ತದೆ. ಇದನ್ನು ಡಿಫ್ರಾಕ್ಷನ್ ಅನ್ನುತ್ತಾರೆ. ಎಷ್ಟೇ ಒಳ್ಳೆಯ ಗಾಜು ಹಾಕಿದರೂ ಇದನ್ನು ತಪ್ಪಿಸಲು ಆಗುವುದಿಲ್ಲ. ಎಫ್ 6.5ರಲ್ಲಿ ಆ ಬಿಲ್ಲೆಯ ಅಗಲ ಸುಮಾರು 8.7 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು). ಪಿ900 ಸೆನ್ಸರಿನ ಒಂದು ಪಿಕ್ಸೆಲ್ ಅಗಲ 1.34 ಮೈಕ್ರಾನ್. ಅಂದರೆ ಹಕ್ಕಿಯ ಕಣ್ಣಿನಲ್ಲಿ ಮಿಂಚುವ ಒಂದು ಸಣ್ಣ ಬಿಂದು ಆರೇಳು ಪಿಕ್ಸೆಲ್ ಅಗಲಕ್ಕೆ ಹರಡಿಕೊಳ್ಳುತ್ತದೆ.

ಕಂಪ್ಯೂಟರಿನಲ್ಲಿ ನೂರು ಪರ್ಸೆಂಟ್ ಮಾಡಿ ನೋಡಿದಾಗ ಕಾಣುವ ಮೆತ್ತನೆಯ ಮಬ್ಬಿಗೆ ಮೊದಲ ಕಾರಣ ಇದು. ಕ್ಯಾಮೆರಾ 16 ಮೆಗಾಪಿಕ್ಸೆಲ್ ಫೈಲ್ ಕೊಡುತ್ತದೆ ನಿಜ. ಆದರೆ ಫುಲ್ ಜೂಮ್‌ನಲ್ಲಿ ಅದರೊಳಗೆ ಇರುವ ನಿಜವಾದ ವಿವರ, ನಾನು ಡಿಫ್ರಾಕ್ಷನ್ ಲೆಕ್ಕ ಹಾಕಿದಂತೆ, 6 ಮೆಗಾಪಿಕ್ಸೆಲ್ ಸುತ್ತಮುತ್ತ. ಅದೂ ಎಲ್ಲಾ ಸರಿಯಾಗಿದ್ದಾಗ. ವೈಡ್ ತುದಿಯಲ್ಲಿ, ಎಫ್ 2.8ರಲ್ಲಿ, ಈ ತೊಂದರೆ ಬಹಳ ಕಡಿಮೆ. ಒಂದೇ ಕ್ಯಾಮೆರಾದಲ್ಲಿ ಊರಿನ ಜಾತ್ರೆಯ ಫೋಟೋ ಚೂಪಾಗಿ ಬಂದು ದೂರದ ಹದ್ದು ಮೆತ್ತಗೆ ಬರುವುದು ಇದಕ್ಕೇ.

ಈಗ ದೊಡ್ಡಣ್ಣನಾದ ಪಿ1000 ನೋಡಿ. 2018ರಲ್ಲಿ ಬಂತು. 125ಎಕ್ಸ್, 3000 ಮಿ.ಮೀ. ನಿಜವಾದ ಫೋಕಲ್ ಲೆಂಗ್ತ್ 539 ಮಿ.ಮೀ., ಅಪರ್ಚರ್ ಎಫ್ 8. ಕಿಂಡಿ 67 ಮಿ.ಮೀ. ಜೂಮ್ ಒಂದೂವರೆ ಪಟ್ಟು ಜಾಸ್ತಿಯಾಯಿತು. ಕಿಂಡಿ 1.2 ಪಟ್ಟು ಮಾತ್ರ ಹಿಗ್ಗಿತು. ಹಾಗಾಗಿ ಹಕ್ಕಿ ಒಂದೂವರೆ ಪಟ್ಟು ದೊಡ್ಡದಾಗಿ ಕಂಡರೂ ಹೊಸದಾಗಿ ಸಿಗುವ ವಿವರ ಐದರಲ್ಲಿ ಒಂದು ಪಾಲು ಅಷ್ಟೇ. ತೂಕ ಮಾತ್ರ 1,400 ಗ್ರಾಂ ದಾಟಿತು. 2025ರಲ್ಲಿ ಬಂದ ಪಿ1100ನಲ್ಲೂ ಇದೇ 125ಎಕ್ಸ್ ಜೂಮ್.

ಇನ್ನೊಂದು ಹೋಲಿಕೆ ಇದಕ್ಕಿಂತ ಸ್ವಾರಸ್ಯಕರ. ಸೋನಿ ಆರ್‌ಎಕ್ಸ್10 ಮಾರ್ಕ್ 4, 2017ರದ್ದು. ಜೂಮ್ ಬರೀ 25ಎಕ್ಸ್, 600 ಮಿ.ಮೀ.ವರೆಗೆ. ಸೆನ್ಸರ್ ಮಾತ್ರ ಹೆಸರಿಗೆ ‘ಒಂದು ಇಂಚಿನದು’, ನಿಜವಾದ ಅಳತೆ 13.2 ಮಿ.ಮೀ. ಅಗಲ, 8.8 ಮಿ.ಮೀ. ಎತ್ತರ. ಪಿ900 ಸೆನ್ಸರಿನ ನಾಲ್ಕು ಪಟ್ಟು ವಿಸ್ತೀರ್ಣ. ನಿಜವಾದ ಫೋಕಲ್ ಲೆಂಗ್ತ್ 220 ಮಿ.ಮೀ., ಎಫ್ 4. ಕಿಂಡಿಯ ಅಗಲ ಲೆಕ್ಕ ಹಾಕಿ. ಮತ್ತೆ 55 ಮಿ.ಮೀ.! ಎರಡೂ ಕ್ಯಾಮೆರಾ ಒಂದೇ ಹಕ್ಕಿಯಿಂದ ಒಂದೇ ಪ್ರಮಾಣದ ಬೆಳಕನ್ನು ಒಳಗೆ ಬಿಟ್ಟುಕೊಳ್ಳುತ್ತವೆ. ಒಂದು ಕ್ಯಾಮೆರಾ ಆ ಬೆಳಕನ್ನು ಕಿರಿದಾದ ನೋಟದಲ್ಲಿ ತುಂಬಾ ಪಿಕ್ಸೆಲ್‌ಗಳ ಮೇಲೆ ಹರಡುತ್ತದೆ. ಇನ್ನೊಂದು ಅಗಲವಾದ ನೋಟದ ನಡುವೆ ಸ್ವಲ್ಪವೇ ಪಿಕ್ಸೆಲ್‌ಗಳ ಮೇಲೆ ಒಟ್ಟು ಮಾಡುತ್ತದೆ.

ಹಾಗಾದರೆ ಯಾವುದು ಮೇಲು? ದೂರದ ಮೇಲೆ ಹೋಗುತ್ತದೆ. ಹಕ್ಕಿ ಹತ್ತಿರವಿದ್ದು 600 ಮಿ.ಮೀ.ನಲ್ಲೇ ಫ್ರೇಮ್ ತುಂಬಿದರೆ ಸೋನಿ ಎಲ್ಲದರಲ್ಲೂ ಮುಂದೆ. ಹಕ್ಕಿ ದೂರವಿದ್ದು ನಡುವಿನ ಸಣ್ಣ ತುಣುಕನ್ನು ಕತ್ತರಿಸಿ ತೆಗೆಯಬೇಕಾದರೆ ಕಥೆ ತಿರುಗುತ್ತದೆ. 600ರ ಫೋಟೋವನ್ನು 2000ದ ನೋಟಕ್ಕೆ ಕತ್ತರಿಸಿದರೆ 20 ಮೆಗಾಪಿಕ್ಸೆಲ್‌ನಲ್ಲಿ ಉಳಿಯುವುದು 2ಕ್ಕಿಂತ ಕಡಿಮೆ. ಅಲ್ಲಿ ಪಿ900 ಗೆಲ್ಲುತ್ತದೆ. ಸೆನ್ಸರ್ ದೊಡ್ಡದಿದ್ದರೆ ಯಾವಾಗಲೂ ಮೇಲು ಅನ್ನುವ ಮಾತನ್ನು ಇದಕ್ಕೇ ನಾನು ಪೂರ್ತಿ ಒಪ್ಪುವುದಿಲ್ಲ.

ಕಾಡಿನ ಫೋಟೋಗ್ರಾಫರ್‌ಗಳು ಹೊತ್ತು ತರುವ 600 ಮಿ.ಮೀ. ಎಫ್ 4 ಲೆನ್ಸಿನ ಕಿಂಡಿ 150 ಮಿ.ಮೀ. ವಿಸ್ತೀರ್ಣದಲ್ಲಿ ಏಳು ಪಟ್ಟಿಗಿಂತ ಜಾಸ್ತಿ ಬೆಳಕು. ತೂಕ 3 ಕೆ.ಜಿ. ಆಸುಪಾಸು, ಬೆಲೆ ಹತ್ತು ಲಕ್ಷ ರೂಪಾಯಿ ದಾಟುತ್ತದೆ. ಪತ್ರಿಕೆಯಲ್ಲಿ ನೋಡುವ ಹುಲಿಯ ಮೀಸೆ, ಮಂಗಟ್ಟೆಯ ರೆಪ್ಪೆ ಎಲ್ಲ ಅಂಥ ಲೆನ್ಸಿನವು. ಅವನ್ನು ನೋಡಿ ನಮ್ಮ ಫೋಟೋ ಜೊತೆ ಹೋಲಿಸಿಕೊಂಡರೆ ಸುಮ್ನೆ ಬೇಜಾರಾಗುತ್ತದೆ. ಅತ್ತ ಮೊಬೈಲ್ ಫೋನಿನ ಜೂಮ್ ಲೆನ್ಸಿನ ಕಿಂಡಿ ಕೆಲವೇ ಮಿಲಿಮೀಟರ್. ಅದರ ಮೇಲೆ 100ಎಕ್ಸ್ ಅಂತ ಬರೆದಿದ್ದರೂ ಆ ವಿವರ ಬೆಳಕಿನಿಂದ ಬಂದದ್ದಲ್ಲ, ಬಹುಪಾಲು ಸಾಫ್ಟ್‌ವೇರ್ ತುಂಬಿದ್ದು.

ಮಿಂಚುಳ್ಳಿ ಎಷ್ಟು ದೂರದಲ್ಲಿ?

ಕರೆಂಟ್ ತಂತಿಯ ಮೇಲೆ ಬಿಳಿ ಎದೆಯ ಮಿಂಚುಳ್ಳಿ ಕೂತಿದೆ ಅಂದುಕೊಳ್ಳಿ. ಕೊಕ್ಕಿನಿಂದ ಬಾಲದವರೆಗೆ 28 ಸೆಂ.ಮೀ. ಇರುತ್ತದೆ. ನೀವು 20 ಮೀಟರ್ ದೂರದಲ್ಲಿದ್ದೀರಿ. ಪಿ900 ಫುಲ್ ಜೂಮ್‌ನಲ್ಲಿ ಆ ದೂರಕ್ಕೆ ಫ್ರೇಮ್ ಸುಮಾರು 35 ಸೆಂ.ಮೀ. ಅಗಲ. ಹಕ್ಕಿ ಫ್ರೇಮ್ ತುಂಬಾ ಬರುತ್ತದೆ. 55 ಮಿ.ಮೀ. ಕಿಂಡಿಗೆ ಅಷ್ಟು ದೂರದಲ್ಲಿ ಕಾಲು ಮಿಲಿಮೀಟರ್ ಅಂತರದ ಎರಡು ಗೆರೆಗಳನ್ನು ಬೇರೆ ಮಾಡಿ ತೋರಿಸುವ ಶಕ್ತಿ ಇರುತ್ತದೆ. ರೆಕ್ಕೆಯ ಗರಿಗಳು, ಕೊಕ್ಕಿನ ಅಂಚು, ಕಣ್ಣಿನ ಹೊಳಪು ಎಲ್ಲಾ ಬರಬೇಕು. ಬರದಿದ್ದರೆ ಕೈ ಅಲುಗಿದೆ, ಫೋಕಸ್ ತಪ್ಪಿದೆ, ಇಲ್ಲವೇ ಬೆಳಕು ಸಾಲದು.

ಅದೇ ಹಕ್ಕಿ 50 ಮೀಟರ್ ದೂರ ಹೋದರೆ ಆ ಅಂತರ 0.6 ಮಿ.ಮೀ. ಆಗುತ್ತದೆ. ಗರಿಗಳ ಗುಂಪು ಕಾಣುತ್ತದೆ, ಎಳೆ ಕಾಣುವುದಿಲ್ಲ. 200 ಮೀಟರ್ ಆದರೆ ಸುಮಾರು ಎರಡೂವರೆ ಮಿ.ಮೀ. ಆಗ ಬಣ್ಣ, ಆಕಾರ, ಕೊಕ್ಕಿನ ಉದ್ದ ಗೊತ್ತಾಗುತ್ತದೆ. ಯಾವ ಹಕ್ಕಿ ಅಂತ ಹೇಳಲು ಅಷ್ಟು ಸಾಕು. ಗೋಡೆಗೆ ಹಾಕುವ ಫೋಟೋಗೆ ಸಾಲದು.

ಗುರುತಿಗಾಗಿ ತೆಗೆಯುವ ಫೋಟೋವನ್ನು ಹಕ್ಕಿ ನೋಡುವವರು ರೆಕಾರ್ಡ್ ಶಾಟ್ ಅನ್ನುತ್ತಾರೆ. ಇದನ್ನು ಕೀಳಾಗಿ ನೋಡಬಾರದು. ಕೆರೆಯ ಆಚೆ ದಡದಲ್ಲಿ ಇಳಿದ ಅಪರೂಪದ ವಲಸೆ ಹಕ್ಕಿಯ ರೆಕ್ಕೆಪಟ್ಟೆ ಕಾಣುವ ಒಂದು ಮಸುಕು ಫೋಟೋ ಇದ್ದರೆ ಅದು ಇ-ಬರ್ಡ್‌ನಂಥ, ಹಕ್ಕಿ ಕಂಡದ್ದನ್ನು ಬರೆದಿಡುವ ಜಾಲತಾಣಗಳಲ್ಲಿ ದಾಖಲೆಗೆ ಆಧಾರವಾಗುತ್ತದೆ. ಈ ಕೆಲಸಕ್ಕೆ ಸೂಪರ್‌ಜೂಮ್‌ನಷ್ಟು ಒಳ್ಳೆಯ, ಹಗುರವಾದ ಉಪಕರಣ ಇನ್ನೊಂದಿಲ್ಲ ಅಂತ ನನ್ನ ನಂಬಿಕೆ.

ಬೆಳಕು ಕಡಿಮೆಯಾದಾಗ

ಬೆಳಕು ಕಣಗಳಾಗಿಯೂ ಬರುತ್ತದೆ. ಪಿಕ್ಸೆಲ್ ಒಂದಕ್ಕೆ ಸರಾಸರಿ 10,000 ಕಣ ಬರುವ ಕಡೆ ಒಮ್ಮೆ ನೂರು ಜಾಸ್ತಿ, ಒಮ್ಮೆ ನೂರು ಕಡಿಮೆ ಆಗಬಹುದು. ಅದು ಶೇಕಡಾ 1ರ ಏರುಪೇರು, ಕಣ್ಣಿಗೆ ಕಾಣುವುದಿಲ್ಲ. ಬರೀ 100 ಕಣ ಬರುವ ಕಡೆ ಏರುಪೇರು ಹತ್ತು, ಅಂದರೆ ಶೇಕಡಾ 10. ಒಂದೇ ಬಣ್ಣದ ಆಕಾಶದಲ್ಲಿ ಪಕ್ಕಪಕ್ಕದ ಪಿಕ್ಸೆಲ್‌ಗಳು ಬೇರೆ ಬೇರೆಯಾಗಿ ಕಾಣುವುದು ಆಗಲೇ. ನಾವು ನಾಯ್ಸ್ ಅನ್ನುವುದು ಬಹುಪಾಲು ಇದನ್ನೇ. ಪಿ900ನ ಒಂದು ಪಿಕ್ಸೆಲ್‌ಗೆ ಹೋಲಿಸಿದರೆ 24 ಮೆಗಾಪಿಕ್ಸೆಲ್ ಫುಲ್‌ಫ್ರೇಮ್ ಕ್ಯಾಮೆರಾದ ಪಿಕ್ಸೆಲ್ ವಿಸ್ತೀರ್ಣ 20 ಪಟ್ಟು. ಒಂದೇ ಎಫ್ ಸಂಖ್ಯೆ, ಒಂದೇ ಶಟರ್ ವೇಗದಲ್ಲಿ ಅದಕ್ಕೆ ಅಷ್ಟು ಪಟ್ಟು ಕಣ ಸಿಗುತ್ತದೆ.

ಇದು ಹೊರಗೆ ಹೋದಾಗ ಹೇಗೆ ಕಾಣಿಸುತ್ತದೆ ನೋಡೋಣ. ಒಳ್ಳೆಯ ಬಿಸಿಲಿನಲ್ಲಿ, ಎಫ್ 6.5, ಐಎಸ್‌ಒ 100 ಇಟ್ಟರೆ ಶಟರ್ 600ನೇ ಒಂದು ಸೆಕೆಂಡಿನ ಹತ್ತಿರ ಬರುತ್ತದೆ. ಐಎಸ್‌ಒ ಅಂದರೆ ಸಿಕ್ಕ ಬೆಳಕನ್ನು ಕ್ಯಾಮೆರಾ ಎಷ್ಟು ಎತ್ತಿ ತೋರಿಸುತ್ತದೆ ಅನ್ನುವ ಸಂಖ್ಯೆ; ಕಡಿಮೆ ಬೆಳಕಿನಲ್ಲಿ ಅದನ್ನು ಹೆಚ್ಚಿಸಿದಷ್ಟೂ ನಾಯ್ಸ್ ಎದ್ದು ಕಾಣುತ್ತದೆ. ಕೂತ ಹಕ್ಕಿಗೆ ಇದು ಬೇಕಾದಷ್ಟಾಯಿತು. ಹಕ್ಕಿ ಮರದ ನೆರಳಿಗೆ ಬಂದರೆ ಬೆಳಕು ಎಂಟು ಹತ್ತು ಪಟ್ಟು ಇಳಿಯುತ್ತದೆ. ಅದೇ ಶಟರ್ ಬೇಕಾದರೆ ಐಎಸ್‌ಒ 800 ದಾಟಬೇಕು. ಮಳೆಗಾಲದ ಮಲೆನಾಡಿನ ಕಾಡಿನೊಳಗೆ ಬೆಳಕು ಬಿಸಿಲಿನ ನೂರನೇ ಒಂದು ಪಾಲಿಗೂ ಇಳಿದಿರುತ್ತದೆ. ಐಎಸ್‌ಒ 1600 ಇಟ್ಟರೂ ಶಟರ್ 80ನೇ ಒಂದು ಸೆಕೆಂಡ್ ಬಂದರೆ ಹೆಚ್ಚು. ಆಗುಂಬೆಯ ಜಡಿಮಳೆಯಲ್ಲಿ ಮರದೊಳಗೆ ಕೂತ ಹಕ್ಕಿ ಈ ಕ್ಯಾಮೆರಾಗೆ ಸಿಗುವುದು ಕಷ್ಟ. ಸಿಕ್ಕಿದರೂ ನೆನಪಿಗೆ ಮಾತ್ರ.

ನಾಯ್ಸ್ ಹೆಚ್ಚಾದಾಗ ಕ್ಯಾಮೆರಾ ತಾನೇ ಅದನ್ನು ಒರೆಸಲು ನೋಡುತ್ತದೆ. ಅದಕ್ಕೆ ಕಾಳು ಯಾವುದು, ಗರಿಯ ಎಳೆ ಯಾವುದು ಅಂತ ಪೂರ್ತಿ ಗೊತ್ತಾಗುವುದಿಲ್ಲ. ಎರಡನ್ನೂ ಒರೆಸಿಬಿಡುತ್ತದೆ. ಪಿಕಳಾರದ ಎದೆಯ ಮೇಲಿನ ನವಿರು ಗರಿಗಳೆಲ್ಲ ಸೇರಿ ಒಂದು ಕಂದು ಪಟ್ಟೆಯಾಗುತ್ತವೆ. ಆಮೇಲೆ ಚೂಪಾಗಿ ಕಾಣಲಿ ಅಂತ ಅಂಚಿಗೆ ಬಿಳಿ ಗೆರೆ ಎಳೆಯುತ್ತದೆ. ಜೆಪೆಗ್ ಫೈಲಿನಲ್ಲಿ ಈ ಕೆಲಸ ಮುಗಿದುಹೋಗಿರುತ್ತದೆ, ಹಿಂದಕ್ಕೆ ತರಲು ಆಗುವುದಿಲ್ಲ. ಪಿ900ನಲ್ಲಿ ಜೆಪೆಗ್ ಬಿಟ್ಟು ಬೇರೆ ದಾರಿ ಇಲ್ಲ. ಪಿ950, ಪಿ1000, ಕ್ಯಾನನ್‌ನ ಎಸ್‌ಎಕ್ಸ್70 ಎಚ್‌ಎಸ್ ಇವುಗಳಲ್ಲಿ ರಾ ಫೈಲ್ (ಸೆನ್ಸರ್ ಕೊಟ್ಟದ್ದನ್ನು ಒರೆಸದೆ ಹಾಗೇ ಇಟ್ಟ ಫೈಲ್) ಸಿಗುತ್ತದೆ. ಇತ್ತೀಚಿನ ನಾಯ್ಸ್ ತೆಗೆಯುವ ಸಾಫ್ಟ್‌ವೇರುಗಳು ಕ್ಯಾಮೆರಾಗಿಂತ ಎಷ್ಟೋ ಜಾಣತನದಿಂದ ಈ ಕೆಲಸ ಮಾಡುತ್ತವೆ. ಹೊಸದಾಗಿ ಕೊಳ್ಳುವವರು ರಾ ಇದೆಯಾ ಅಂತ ಮೊದಲು ನೋಡಬೇಕು. ಸಂಸ್ಕರಿಸುವ ತಾಳ್ಮೆ ಇಲ್ಲದವರು ಕ್ಯಾಮೆರಾದ ಮೆನುವಿನಲ್ಲಿ ನಾಯ್ಸ್ ರಿಡಕ್ಷನ್ ಅನ್ನು ‘ಲೋ’ಗೆ ಇಳಿಸಿದರೂ ಸಾಕು, ಗರಿ ಸ್ವಲ್ಪ ಉಳಿಯುತ್ತದೆ.

ಕೈ ಅಲುಗುವುದನ್ನು ತಡೆಯುವ ವ್ಯವಸ್ಥೆ ಈ ಕ್ಯಾಮೆರಾಗಳಲ್ಲಿ ನಿಜಕ್ಕೂ ಚೆನ್ನಾಗಿದೆ. ಹಳೆಯ ನಿಯಮದ ಪ್ರಕಾರ 2000 ಮಿ.ಮೀ.ಗೆ 2000ನೇ ಒಂದು ಸೆಕೆಂಡ್ ಶಟರ್ ಬೇಕು. ನಿಕಾನ್ ಹೇಳುವ 5 ಸ್ಟಾಪ್ ನೆರವು (ಒಂದೊಂದು ಸ್ಟಾಪ್ ಅಂದರೆ ಎರಡು ಪಟ್ಟು) ಪೂರ್ತಿ ಸಿಕ್ಕರೆ 60ನೇ ಒಂದು ಸೆಕೆಂಡಿಗೂ ನಡೆಯುತ್ತದೆ. ಆದರೆ ಅದು ನಿಮ್ಮ ಕೈಯನ್ನು ಹಿಡಿಯುತ್ತದೆಯೇ ಹೊರತು ಹಕ್ಕಿಯನ್ನಲ್ಲ. ಸೂರಕ್ಕಿ ಒಂದು ಕ್ಷಣ ಸುಮ್ಮನಿರುವುದಿಲ್ಲ, ಅದಕ್ಕೆ 500ನೇ ಒಂದಾದರೂ ಬೇಕು.

ಗಾಳಿ

ಮೂರನೆಯದನ್ನು ಬಹಳ ಜನ ಮರೆತೇಬಿಡುತ್ತಾರೆ. ಬಿಸಿಲಿಗೆ ಕಾದ ನೆಲದಿಂದ ಬಿಸಿ ಗಾಳಿ ಏಳುತ್ತದೆ. ಬಿಸಿ ಗಾಳಿ, ತಣ್ಣನೆ ಗಾಳಿ ಬೆಳಕನ್ನು ಬೇರೆ ಬೇರೆಯಾಗಿ ಬಗ್ಗಿಸುತ್ತವೆ. ದೂರದ ವಸ್ತು ನಡುಗಿದಂತೆ ಕಾಣುವುದು ಅದಕ್ಕೇ. 2000 ಮಿ.ಮೀ.ನಲ್ಲಿ ಹಕ್ಕಿ ದೊಡ್ಡದಾದಂತೆ ಈ ನಡುಕವೂ ದೊಡ್ಡದಾಗುತ್ತದೆ.

ಹಂಪಿಯ ಹತ್ತಿರದ ದರೋಜಿ ಕರಡಿಧಾಮ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ವೀಕ್ಷಣಾ ಗೋಪುರದಿಂದ ಕರಡಿಗಳನ್ನು ನೋಡಬೇಕು. ಅವು ಬರುವುದು ಮಧ್ಯಾಹ್ನದ ಮೇಲೆ. ಬಂಡೆಗಳು ಬೆಳಗ್ಗೆಯಿಂದ ಕಾದಿರುತ್ತವೆ. ನಿಮಗೂ ಕರಡಿಗೂ ನಡುವೆ ಇರುವುದೆಲ್ಲ ಕಾದ ಕಲ್ಲು, ಅದರ ಮೇಲೆ ಏಳುವ ಬಿಸಿ ಗಾಳಿ. ಆ ಹೊತ್ತಿನಲ್ಲಿ ತೆಗೆದ ಫೋಟೋದಲ್ಲಿ ಕರಡಿಯ ಕೂದಲು ಎಳೆಎಳೆಯಾಗಿ ಬರಲಿಲ್ಲ ಅಂತ ಕ್ಯಾಮೆರಾವನ್ನು ದೂರಬಾರದು. ಹತ್ತು ಲಕ್ಷದ ಲೆನ್ಸಿಗೂ ಅದು ಹಾಗೇ ಕಾಣುತ್ತದೆ. ಇಂಥಲ್ಲಿ ಬಿಸಿಲು ಇಳಿದು ಬಂಡೆ ಸ್ವಲ್ಪ ಆರುವವರೆಗೆ ಕಾಯುವುದು, ಒಂದರ ಹಿಂದೆ ಒಂದು ಹತ್ತಾರು ಫೋಟೋ ತೆಗೆದು ಅದರಲ್ಲಿ ಗಾಳಿ ಒಂದು ಕ್ಷಣ ನಿಂತಾಗ ಬಂದದ್ದನ್ನು ಆರಿಸುವುದು, ಇವೇ ಉಪಾಯ.

ರಂಗನತಿಟ್ಟು ಇದರ ಪೂರ್ತಿ ಉಲ್ಟಾ. ದೋಣಿ ಗೂಡುಗಳ ಹತ್ತಿರಕ್ಕೇ ಹೋಗುತ್ತದೆ. ನಡುವೆ ಇರುವುದು ಕಾವೇರಿಯ ತಂಪು ನೀರು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಎರಡೂ ದೊಡ್ಡ ಹಕ್ಕಿಗಳು. ಬೆಳಗಿನ ಬೆಳಕಿನಲ್ಲಿ 400-500 ಮಿ.ಮೀ.ಗೇ ಫ್ರೇಮ್ ತುಂಬುತ್ತವೆ. ಅಲ್ಲಿ ಜೂಮನ್ನು ಕೊನೆಯವರೆಗೆ ಎಳೆಯದೆ ತೆಗೆದರೆ ಚಿಕ್ಕ ಸೆನ್ಸರಿನ ಕ್ಯಾಮೆರಾದಿಂದಲೂ ಕೊಕ್ಕರೆಯ ರೆಕ್ಕೆಯ ಗುಲಾಬಿ ಗರಿ ಒಂದೊಂದಾಗಿ ಬರುತ್ತದೆ. ದೋಣಿ ಅಲುಗುವುದರಿಂದ ಶಟರ್ ಮಾತ್ರ ವೇಗವಾಗಿ ಇಡಬೇಕು.

ಚಂದ್ರ ಮಾತ್ರ ಈ ಕ್ಯಾಮೆರಾಗಳಿಗೆ ಹೇಳಿ ಮಾಡಿಸಿದ ವಸ್ತು. ರಾತ್ರಿಯ ವಸ್ತುವಾದರೂ ಅದರ ಮೇಲೆ ಬಿದ್ದಿರುವುದು ಸೂರ್ಯನ ಬೆಳಕೇ. ಪಿ1000ನಲ್ಲಿ ಎಫ್ 8, ಐಎಸ್‌ಒ 100 ಇಟ್ಟರೂ ಹುಣ್ಣಿಮೆಗೆ 200ನೇ ಒಂದು ಸೆಕೆಂಡ್ ಸಾಕು. 3000 ಮಿ.ಮೀ.ನಲ್ಲಿ ಚಂದ್ರ ಫ್ರೇಮಿನ ಎತ್ತರವನ್ನು ಹೆಚ್ಚುಕಡಿಮೆ ಪೂರ್ತಿ ತುಂಬುತ್ತಾನೆ. 67 ಮಿ.ಮೀ. ಕಿಂಡಿಗೆ ಚಂದ್ರನ ಮೇಲೆ ಸುಮಾರು 4 ಕಿ.ಮೀ. ಅಗಲದ ಕುಳಿಯವರೆಗೆ ಗುರುತು ಹಿಡಿಯುವ ಶಕ್ತಿ ಇದೆ. ಹುಣ್ಣಿಮೆಗಿಂತ ಅಷ್ಟಮಿಯ ಆಸುಪಾಸಿನಲ್ಲಿ ತೆಗೆಯಿರಿ. ನೆರಳು ಉದ್ದ ಬೀಳುವುದರಿಂದ ಕುಳಿಗಳು ಎದ್ದು ಕಾಣುತ್ತವೆ. ಗುರುವಿನ ನಾಲ್ಕು ದೊಡ್ಡ ಉಪಗ್ರಹಗಳು ಚುಕ್ಕೆಗಳಾಗಿ ಸಿಗುತ್ತವೆ. ಶನಿಯ ಉಂಗುರ ನಮ್ಮ ಕಡೆ ವಾಲಿರುವ ವರ್ಷಗಳಲ್ಲಿ ಅದೂ ಬೇರೆಯಾಗಿ ಕಾಣುತ್ತದೆ. ಉಂಗುರದೊಳಗಿನ ಸೀಳು ಕಾಣುವುದಿಲ್ಲ.

ಎಷ್ಟು ದೊಡ್ಡದು ಮಾಡಿ ನೋಡಬೇಕು?

ಸಾಮಾನ್ಯ 24 ಇಂಚಿನ ಫುಲ್ ಎಚ್‌ಡಿ ಮಾನಿಟರಿನಲ್ಲಿ 16 ಮೆಗಾಪಿಕ್ಸೆಲ್ ಫೋಟೋವನ್ನು ನೂರು ಪರ್ಸೆಂಟ್ ಮಾಡಿದರೆ, ಪೂರ್ತಿ ಫೋಟೋದ ಅಗಲ ಸುಮಾರು 1.27 ಮೀಟರ್ ಆಗುತ್ತದೆ. ನಾಲ್ಕು ಅಡಿಗಿಂತ ಜಾಸ್ತಿ. ಅದನ್ನು ನೀವು ಒಂದೂವರೆ ಅಡಿ ದೂರದಿಂದ ನೋಡುತ್ತಿದ್ದೀರಿ. ಮನೆಯಲ್ಲಿ ಯಾರೂ ನಾಲ್ಕು ಅಡಿ ಫೋಟೋ ಹಾಕಿ ಅದಕ್ಕೆ ಮೂಗು ತಾಗಿಸಿ ನೋಡುವುದಿಲ್ಲ ಅಲ್ವಾ?

ಫುಲ್ ಎಚ್‌ಡಿ ಪರದೆಗೆ ಬೇಕಾದದ್ದು 2 ಮೆಗಾಪಿಕ್ಸೆಲ್. 6ಕ್ಕೆ 4 ಇಂಚಿನ ಪ್ರಿಂಟಿಗೂ ಅಷ್ಟೇ ಸಾಕು. ಎ4 ಪ್ರಿಂಟನ್ನು ಇಂಚಿಗೆ 200 ಚುಕ್ಕೆಯಂತೆ ಹಾಕಿಸಿದರೆ 4 ಮೆಗಾಪಿಕ್ಸೆಲ್‌ಗಿಂತ ಸ್ವಲ್ಪ ಕಡಿಮೆ. ಪಿ900 ಫುಲ್ ಜೂಮ್‌ನಲ್ಲಿ ಒಳ್ಳೆಯ ದಿನ 6ರ ಹತ್ತಿರ ಕೊಡುತ್ತದೆ, ಪಿ1000 ಫುಲ್ ಜೂಮ್‌ನಲ್ಲಿ 4ರ ಹತ್ತಿರ. ಅಂದರೆ ಬಿಸಿಲಿನಲ್ಲಿ, 20 ಮೀಟರ್ ದೂರದಲ್ಲಿ, ಫ್ರೇಮ್ ತುಂಬಿದ ಹಕ್ಕಿಯ ಎ4 ಪ್ರಿಂಟ್ ಕೈಯಲ್ಲಿ ಹಿಡಿದು ನೋಡಲು ಚೆನ್ನಾಗಿಯೇ ಇರುತ್ತದೆ. ಇಷ್ಟನ್ನು ಧೈರ್ಯವಾಗಿ ನಿರೀಕ್ಷಿಸಬಹುದು. ಅದೇ ಫೋಟೋದಿಂದ ತಲೆಯನ್ನಷ್ಟೇ ಕತ್ತರಿಸಿ ಎ4 ಮಾಡಿಸುತ್ತೇನೆ ಅಂದರೆ ಆಗುವುದಿಲ್ಲ.

ಲೆನ್ಸ್ ನಿಜವಾಗಿಯೂ ಸರಿ ಇದೆಯಾ ಅಂತ ಪರೀಕ್ಷಿಸಲು ಬೆಳಗ್ಗೆ ಹೊತ್ತು, ನೆಲ ಕಾಯುವ ಮೊದಲು, ಇಪ್ಪತ್ತು ಮೂವತ್ತು ಮೀಟರ್ ದೂರದ ಅಂಗಡಿ ಬೋರ್ಡನ್ನೋ ಇಟ್ಟಿಗೆ ಗೋಡೆಯನ್ನೋ ಆರಿಸಿಕೊಳ್ಳಿ. ಟ್ರೈಪಾಡ್ ಮೇಲೆ ಇಡಿ, ಅಲುಗಾಟ ತಡೆಯುವ ವ್ಯವಸ್ಥೆ ಆಫ್ ಮಾಡಿ, ಎರಡು ಸೆಕೆಂಡ್ ಸೆಲ್ಫ್‌ಟೈಮರ್ ಹಾಕಿ, ಐಎಸ್‌ಒ 100 ಇಡಿ. ಅರ್ಧ ಜೂಮ್‌ನಲ್ಲಿ ಒಂದು, ಫುಲ್ ಜೂಮ್‌ನಲ್ಲಿ ಒಂದು ತೆಗೆಯಿರಿ. ಅರ್ಧ ಜೂಮಿನದನ್ನು ದೊಡ್ಡದು ಮಾಡಿ ಪಕ್ಕದಲ್ಲಿಟ್ಟು ನೋಡಿ. ಫುಲ್ ಜೂಮ್‌ನಲ್ಲಿ ಚಿಕ್ಕ ಅಕ್ಷರ ಇನ್ನೂ ಒಂದು ಸಾಲು ಓದಲು ಬಂದರೆ ಲೆನ್ಸ್ ತನ್ನ ಕೆಲಸ ಮಾಡುತ್ತಿದೆ. ಏನೂ ಹೆಚ್ಚಿಗೆ ಕಾಣದಿದ್ದರೆ ಇನ್ನೊಂದು ದಿನ ಮತ್ತೆ ನೋಡಿ. ಪ್ರತಿ ಸಲವೂ ಫೋಟೋದ ಎಡ ಅಂಚು ಚೂಪಾಗಿ, ಬಲ ಅಂಚು ಕಲಸಿ ಬಂದರೆ ಒಳಗಿನ ಗಾಜು ಓರೆಯಾಗಿದೆ ಅಂತ ಅರ್ಥ. ಆಗ ಸರ್ವಿಸ್ ಸೆಂಟರಿಗೆ ತಗೊಂಡು ಹೋಗಲೇಬೇಕು. ಎಲ್ಲಾ ಕಡೆ ಒಂದೇ ರೀತಿ ಸ್ವಲ್ಪ ಮೆತ್ತಗಿದ್ದರೆ ಅದು ಡಿಫ್ರಾಕ್ಷನ್, ರಿಪೇರಿಗೆ ಹೋಗುವಂಥದ್ದಲ್ಲ.

ಬಳಸುವಾಗ ಒಂದೆರಡು ಅಭ್ಯಾಸ ಬಹಳ ಉಪಕಾರಿ. ಡಿಜಿಟಲ್ ಜೂಮ್ ಮೆನುವಿನಲ್ಲೇ ಆಫ್ ಮಾಡಿಬಿಡಿ, ಅದು ಹೊಸ ವಿವರ ಏನೂ ಕೊಡುವುದಿಲ್ಲ. ಬೂರುಗದ ಮರದ ತುದಿಯಲ್ಲಿ ಬಿಳಿ ಆಕಾಶದ ಎದುರು ಮಂಗಟ್ಟೆ ಕೂತಿದ್ದರೆ ಎಕ್ಸ್‌ಪೋಶರ್ ಅನ್ನು ಒಂದು ಸ್ಟಾಪ್ ಮೇಲೆ ಎತ್ತಿ, ಇಲ್ಲದಿದ್ದರೆ ಹಕ್ಕಿ ಬರೀ ಕಪ್ಪು ನೆರಳಾಗುತ್ತದೆ. ಗದ್ದೆಯಲ್ಲಿ ಬೆಳ್ಳಕ್ಕಿ ಇದ್ದರೆ ಕೆಳಗೆ ಇಳಿಸಿ. ಚಿಕ್ಕ ಸೆನ್ಸರ್ ಬಿಳಿ ಗರಿಯನ್ನು ಒಮ್ಮೆ ಸುಟ್ಟರೆ ಅಲ್ಲಿ ಏನೂ ಉಳಿದಿರುವುದಿಲ್ಲ. ಹಕ್ಕಿಯನ್ನು ಮೊದಲು ಕಡಿಮೆ ಜೂಮ್‌ನಲ್ಲಿ ಹಿಡಿದು ಆಮೇಲೆ ಹತ್ತಿರ ಎಳೆಯಿರಿ. ನಡುವೆ ಕಳೆದುಹೋದರೆ ಪಿ900 ಸಾಲಿನ ಕ್ಯಾಮೆರಾಗಳಲ್ಲಿ ಲೆನ್ಸಿನ ಪಕ್ಕದ ಗುಂಡಿ ಒತ್ತಿದರೆ ನೋಟ ಅಗಲವಾಗುತ್ತದೆ, ಬಿಟ್ಟರೆ ಮತ್ತೆ ಹಿಂದಿನ ಜೂಮಿಗೆ ಹೋಗುತ್ತದೆ. ಹಾರುವ ಹಕ್ಕಿಯ ಆಸೆ ಇದ್ದರೆ ಮಾತ್ರ ಚಿಕ್ಕ ಸೆನ್ಸರಿನ ಸೂಪರ್‌ಜೂಮ್ ನಿಮಗಲ್ಲ. ಫುಲ್ ಜೂಮ್‌ನಲ್ಲಿ ಅದರ ಫೋಕಸ್ ಹಿಂದಕ್ಕೂ ಮುಂದಕ್ಕೂ ಹುಡುಕುತ್ತಾ ಇರುವಾಗಲೇ ಗರುಡ ಫ್ರೇಮ್ ದಾಟಿರುತ್ತದೆ. ಆರ್‌ಎಕ್ಸ್10 ಮಾರ್ಕ್ 4ರ ಫೇಸ್ ಡಿಟೆಕ್ಷನ್ ಫೋಕಸ್ (phase detection, ಮುಖ ಗುರುತಿಸುವ face ಅಲ್ಲ; ಹೀಗೆ ಹುಡುಕಾಡದೆ ಬೇಗ ಫೋಕಸ್ ಹಿಡಿಯುತ್ತದೆ) ಅದಕ್ಕೆ ಒಗ್ಗುತ್ತದೆ, ಆದರೆ ಬಿಡುಗಡೆಯಾದಾಗಲೇ ಅದರ ಬೆಲೆ ಲಕ್ಷದ ಮೇಲಿತ್ತು.

ಕೊಳ್ಳುವ ಯೋಚನೆಯಲ್ಲಿರುವವರಿಗೆ ನನ್ನ ಸಲಹೆ ಇದು. ಕೆರೆ, ಗದ್ದೆ, ಮನೆಯ ಹಿತ್ತಲು, ಬೆಳಗಿನ ಬಿಸಿಲು, ಚಂದ್ರ, ಹಕ್ಕಿಗಳ ಪಟ್ಟಿ ಬೆಳೆಸುವ ಆಸೆ, ಇವಿಷ್ಟಿದ್ದರೆ ಪಿ950. ಅದರ ಜೂಮ್ ಪಿ900ನಷ್ಟೇ, ಜೊತೆಗೆ ರಾ ಇದೆ. ತೂಕ 1 ಕೆ.ಜಿ. ಹಕ್ಕಿಗಿಂತ ಚಂದ್ರನ ಹುಚ್ಚೇ ಜಾಸ್ತಿ ಅನ್ನುವವರು ಮಾತ್ರ 125ಎಕ್ಸ್‌ಗೆ ಹೋಗಲಿ. ದಟ್ಟ ಕಾಡು, ಮುಸ್ಸಂಜೆ, ಮಳೆಗಾಲ ನಿಮ್ಮ ಇಷ್ಟದ ಹೊತ್ತಾಗಿದ್ದರೆ ಒಂದು ಇಂಚಿನ ಸೆನ್ಸರ್ ನೋಡಿ, ಇಲ್ಲವೇ ಹಳೆಯ ಡಿಎಸ್‌ಎಲ್‌ಆರ್ ಜೊತೆ 150-600 ಮಿ.ಮೀ. ಲೆನ್ಸ್. ಅಂಥ ಲೆನ್ಸಿನ ಕಿಂಡಿ 95 ಮಿ.ಮೀ. ಇರುತ್ತದೆ. ಭಾರ ಮಾತ್ರ ಎರಡು ಮೂರು ಕೆ.ಜಿ. ಆಗುತ್ತದೆ. ಸೆಕೆಂಡ್ ಹ್ಯಾಂಡ್ ಸೂಪರ್‌ಜೂಮ್ ಕೊಳ್ಳುವುದಾದರೆ ನಿಮ್ಮದೇ ಮೆಮೊರಿ ಕಾರ್ಡ್ ತಗೊಂಡು ಹೋಗಿ. ಜೂಮನ್ನು ಕೊನೆಯವರೆಗೆ ಹಲವು ಸಲ ಓಡಿಸಿ, ಕರಕರ ಸದ್ದು ಬರುತ್ತದಾ ಕೇಳಿ. ಬೀದಿಯ ಆಚೆಯ ಬೋರ್ಡನ್ನು ಫುಲ್ ಜೂಮ್‌ನಲ್ಲಿ ತೆಗೆದು ನಾಲ್ಕೂ ಮೂಲೆ ನೋಡಿ. ಆಮೇಲೆ ದುಡ್ಡು ಕೊಡಿ.